ಎಡಗಡೆ ಗ್ಯಾಲರಿಯ ಚಪ್ಪಾಳೆ

ವೆನಿಯಾಮಿನ್ ಫೊಮಿಚ್‌ನ ಬಲ ಅಂಗೈಗೆ ಮೀನಿನ ಮುಳ್ಳು ಚುಚ್ಚಿದ್ದು ಬೆಳಿಗ್ಗೆ ಅಂಗಡಿ ತೆಗೆದ ಸ್ವಲ್ಪ ಹೊತ್ತಿಗೆ. ಬೇರೆ ದಿನವಾಗಿದ್ದರೆ ಕೈ ಒದರಿಕೊಂಡು, ಸತ್ತ ಮೀನಿಗೆ ಎರಡು ಮಾತು ಬೈದು, ಮುಂದಿನ ಗಿರಾಕಿಗೆ ತೂಕ ಹಾಕುತ್ತಿದ್ದ. ಸರ್ಕಾರಿ ದಿನಸಿ ಅಂಗಡಿಯ ಮೀನು ವಿಭಾಗದಲ್ಲಿ ಕೂದಲು ಉದುರಿಸಿಕೊಂಡವನಿಗೆ ಮುಳ್ಳು ಹೊಸದಲ್ಲ. ಆದರೆ ಅಂದು ನಮ್ಮ ಸ್ತಾರೊವೋಲ್ಸ್ಕಿನ ಬ್ಯಾಲೆ ಥಿಯೇಟರಿನಲ್ಲಿ ಸೀಸನ್ನಿನ ಕೊನೆಯ ದಿನ. ಸಂಜೆಗೆ ನಾಯಕಿ ಲಿದಿಯಾ ನಿಕಾನೊರೋವ್ನಾ ಅರ್ಸೆನ್ಯೇವಾಳ ಕುಣಿತ. ಅಂಥ ದಿನ ಕಾಲು ಮುರಿದಿದ್ದರೂ ವೆನಿಯಾಮಿನ್ ಚಿಂತೆ ಮಾಡುತ್ತಿರಲಿಲ್ಲ. ಕೈ ಮಾತ್ರ ಬೇಕೇ ಬೇಕಿತ್ತು.

ಕೈ ಯಾಕೆ ಅಂದರೆ ಹೇಳುತ್ತೇನೆ. ನಮ್ಮೂರಿನಲ್ಲಿ ಬ್ಯಾಲೆಯ ಬಗ್ಗೆ ಅಭಿಪ್ರಾಯವಿಲ್ಲದ ಮನುಷ್ಯ ಇನ್ನೂ ಹುಟ್ಟಿಲ್ಲ. ಟ್ರಾಮ್ ಓಡಿಸುವವನು, ಹಲ್ಲು ಕೀಳುವವನು, ಬೀದಿ ಗುಡಿಸುವವಳು, ಎಲ್ಲರಿಗೂ ಯಾವ ನರ್ತಕಿಯ ಮಂಡಿ ಹೇಗಿದೆ ಎಂಬುದು ಸ್ವಂತ ಮಂಡಿಗಿಂತ ಚೆನ್ನಾಗಿ ಗೊತ್ತು. ಕತೆ ಮುಗಿಯುವ ಹೊತ್ತಿಗೆ ನಾಯಕಿ ರಂಗದ ನಟ್ಟನಡುವೆ ಒಂಟಿಕಾಲಿನಲ್ಲಿ ನಿಂತು ಬುಗುರಿಯ ಹಾಗೆ ಸುತ್ತತೊಡಗುತ್ತಾಳೆ. ಆಗ ಜನ ಸುಮ್ಮನೆ ಕೂರುವುದಿಲ್ಲ. ಸುತ್ತಿಗೊಂದರಂತೆ ಒಟ್ಟಿಗೆ ಚಪ್ಪಾಳೆ ಹಾಕುತ್ತಾರೆ. ಆ ಚಪ್ಪಾಳೆಯನ್ನು ಮೊದಲು ಎತ್ತಿಕೊಡುವವನು ಎಡಗಡೆ ಗ್ಯಾಲರಿಯ ಮೊದಲ ಸಾಲಿನ ವೆನಿಯಾಮಿನ್. ಉಪ್ಪುನೀರಿನಲ್ಲಿ ನೆನೆದೂ ನೆನೆದೂ ಗಟ್ಟಿಯಾದ ಅವನ ಅಂಗೈಗಳು ಕೂಡಿದರೆ ಹಲಗೆಗೆ ಹಲಗೆ ಬಡಿದ ಸದ್ದು. ಆ ಸದ್ದಿಗೆ ಗ್ಯಾಲರಿ ಎಚ್ಚರಗೊಳ್ಳುತ್ತಿತ್ತು. ಗ್ಯಾಲರಿಯ ಹಿಂದೆ ಕೆಳಗಿನ ಮೆತ್ತನೆ ಕುರ್ಚಿಯ ದೊಡ್ಡಮನುಷ್ಯರೂ ಸೇರಿಕೊಳ್ಳುತ್ತಿದ್ದರು.

ಅರ್ಸೆನ್ಯೇವಾಳಿಗೆ ಆ ಸೀಸನ್ ಯಾಕೋ ಕೈಕೊಟ್ಟಿತ್ತು. ಶರತ್ಕಾಲದಲ್ಲಿ ಒಮ್ಮೆ ಸುತ್ತುತ್ತಾ ಸುತ್ತುತ್ತಾ ಮುಗ್ಗರಿಸಿದಳು. ಹೊಸ ವರ್ಷಕ್ಕೆ ಮತ್ತೆ ಹಾಗೇ ಆಯಿತು. ಹಿಮ ಕರಗುವ ಹೊತ್ತಿಗಂತೂ ಅರ್ಧಕ್ಕೇ ನಿಲ್ಲಿಸಿ, ಕೈಬೀಸಿ, ಪರದೆಯ ಹಿಂದೆ ಓಡಿದಳು. ಅವಳು ತತ್ತರಿಸಿದಾಗಲೆಲ್ಲ ವೆನಿಯಾಮಿನ್ ಜೀವ ಹೋಗುವವನಂತೆ ಚಪ್ಪಾಳೆ ಜೋರು ಮಾಡಿ ಹುರಿದುಂಬಿಸಿದ್ದ. ತಪ್ಪೆಲ್ಲ ನೆಲದ ಹಲಗೆಯದು ಎಂದು ಮೊದಲು ವಾದಿಸಿದ. ಆಮೇಲೆ ವಾದ್ಯಗಾರರ ಮುಂದೆ ನಿಂತು ಕೋಲಾಡಿಸುವವನ ಮೇಲೆ ಹಾಕಿದ. ಕೊನೆಗೆ ಇದೆಲ್ಲ ಜೀಮಿನಾಳ ಕೆಟ್ಟ ಕಣ್ಣು ಎಂದು ತೀರ್ಮಾನಿಸಿದ. ಜೀಮಿನಾ ಎಂದರೆ ಅದೇ ಥಿಯೇಟರಿನ ಇನ್ನೊಬ್ಬ ದೊಡ್ಡ ನರ್ತಕಿ, ಅರ್ಸೆನ್ಯೇವಾಳ ಜಾಗಕ್ಕೆ ಕಣ್ಣಿಟ್ಟು ಕೂತವಳು. ಕೊನೆಯ ದಿನವೂ ಅರ್ಸೆನ್ಯೇವಾ ಎಡವಿದರೆ ಮುಂದಿನ ವರ್ಷದ ನಾಯಕಿಯ ಪಾತ್ರಗಳೆಲ್ಲ ಜೀಮಿನಾಳಿಗೆ ಎಂದು ನಿರ್ದೇಶಕರು ಗುಟ್ಟಾಗಿ ಹೇಳಿದ್ದರು. ಗುಟ್ಟಾದ್ದರಿಂದ ಅದು ಮಧ್ಯಾಹ್ನದೊಳಗೆ ಊರಿಗೆಲ್ಲ ಗೊತ್ತಾಗಿತ್ತು.

ವೆನಿಯಾಮಿನನಿಗೆ ಹೆಂಡತಿ ಮಕ್ಕಳಿರಲಿಲ್ಲ. ಒಂದು ಕೋಣೆ, ಒಂದು ಕುರ್ಚಿ, ಯಾವತ್ತೂ ಒಂದೇ ಟಿಕೆಟ್ಟು. ನಮ್ಮ ಥಿಯೇಟರಿನಲ್ಲಿ ವಿರಾಮದ ಹೊತ್ತು ಜನ ಜೋಡಿಜೋಡಿಯಾಗಿ ಹೊರಗಿನ ಹಜಾರವನ್ನು ಸುತ್ತುಹಾಕುತ್ತಾರಲ್ಲ, ಅವನೂ ಹಾಕುತ್ತಿದ್ದ. ಯಾವುದಾದರೂ ದಂಪತಿಯ ಹಿಂದೆ, ಅವರ ಕಡೆಯವನೇ ಎನ್ನುವಷ್ಟು ಹತ್ತಿರದಲ್ಲಿ ನಡೆಯುತ್ತಿದ್ದ. ಅವರು ತಿರುಗಿ ನೋಡಿದರೆ ಗೋಡೆಯ ಚಿತ್ರಪಟ ನೋಡುತ್ತಿದ್ದ. ಈ ಲೋಕದಲ್ಲಿ ತನ್ನ ಅಗತ್ಯವಿರುವವಳು ಒಬ್ಬಳಿದ್ದಾಳೆ, ತನ್ನ ಕೈ ಇಲ್ಲದಿದ್ದರೆ ಅವಳು ನಿಲ್ಲಲಾರಳು ಎಂದು ಅವನು ನಂಬಿದ್ದ. ಆ ನಂಬಿಕೆಯ ಮೇಲೇ ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋಗುತ್ತಿದ್ದ.

ಈಗ ಆ ಕೈ ಮಧ್ಯಾಹ್ನದ ಹೊತ್ತಿಗೆ ಬನ್ನಿನಷ್ಟು ಊದಿಕೊಂಡಿತು. ಅಂಗಡಿಯ ಮೇಲ್ವಿಚಾರಕಿ ನೋಡಿ, "ಈ ಕೈಲಿ ಮೀನು ಮುಟ್ಟಿದ್ರೆ ಗಿರಾಕಿಗಳು ನಿಮ್ಮ ಕೈಯನ್ನೇ ತೂಕಕ್ಕೆ ಹಾಕಿ ಅಂತಾರೆ, ಹೋಗಿ ಆಸ್ಪತ್ರೆಗೆ," ಎಂದು ಅಟ್ಟಿದಳು.

ಆಸ್ಪತ್ರೆಯ ಡಾಕ್ಟರು ತಲೆ ಎತ್ತದೆ ಮುಳ್ಳು ಕಿತ್ತರು, ತಲೆ ಎತ್ತದೆ ಔಷಧಿ ಸುರಿದರು, ತಲೆ ಎತ್ತದೆ ಬ್ಯಾಂಡೇಜು ಸುತ್ತಿದರು.

"ಒಂದು ವಾರ ಈ ಕೈಲಿ ಏನೂ ಮಾಡಬಾರದು."

"ಚಪ್ಪಾಳೆ ಡಾಕ್ಟ್ರೇ?"

"ಯಾರಿಗೆ?"

"ಅರ್ಸೆನ್ಯೇವಾಗೆ."

ಆಗ ಡಾಕ್ಟರು ತಲೆ ಎತ್ತಿದರು. "ನಾನು ಜೀಮಿನಾ ಕಡೆ," ಎಂದು ಹೇಳಿ ಇನ್ನೆರಡು ಸುತ್ತು ಬ್ಯಾಂಡೇಜು ಬಿಗಿದು ಗಂಟು ಹಾಕಿದರು.

ಹೊರಗೆ ಪೋಪ್ಲರ್ ಮರಗಳ ಬೀಜದ ಹತ್ತಿ ಊರಿಡೀ ಹಾರಾಡುತ್ತಿತ್ತು. ಜೂನ್ ಬಂತೆಂದರೆ ನಮಗೆ ಇದೊಂದು ಕಾಟ. ಸೀನುತ್ತಾ, ಮೂಗೊರೆಸಲು ಎಡಗೈ ಸಾಲದೆ, ವೆನಿಯಾಮಿನ್ ಮನೆಗೆ ಬಂದ. ಮನೆ ಎಂದರೆ ನಾಲ್ಕು ಸಂಸಾರಕ್ಕೆ ಒಂದೇ ಅಡುಗೆಮನೆಯಿದ್ದ ವಠಾರ. ಅಲ್ಲಿ ಒಬ್ಬರ ಬೀಟ್‌ರೂಟ್ ಸಾರು ಕುದಿಯುತ್ತಿದ್ದರೆ ಉಪ್ಪು ಸಾಲದು ಎಂದು ಹೇಳುವ ಹಕ್ಕು ಎಲ್ಲರಿಗೂ ಇತ್ತು. ಒಲೆಯ ಮುಂದೆ ನಿಂತಿದ್ದ ಗ್ಲಾಫಿರಾ ಪೆತ್ರೋವ್ನಾ ಎಂಬ ವಿಧವೆ ಮುದುಕಿ ಅವನ ಕೈ ನೋಡಿದ್ದೇ ಸೌಟು ಬಿಟ್ಟಳು.

"ಅಯ್ಯೋ ವೇನ್ಯಾ, ಇವತ್ತೇ ಆಗಬೇಕಿತ್ತೇನೋ ಇದು? ಆ ನಿನ್ನ ಹುಡುಗಿ ಗತಿ ಏನೋ?"

"ನನ್ನ ಹುಡುಗಿ ಅನ್ನಬೇಡಿ ಗ್ಲಾಫಿರಾ ಪೆತ್ರೋವ್ನಾ. ಯಾರಾದ್ರೂ ಕೇಳಿಸ್ಕೊಂಡಾರು."

"ಕೇಳಿಸ್ಕೊಳ್ಳಲಿ ಬಿಡು. ಮಾತಾಡಿಸೋ ಧೈರ್ಯ ನಿನಗೆ ಯಾವತ್ತು ಬಂತು? ಬಾ ಇಲ್ಲಿ, ಕೈ ಕೊಡು. ಡಾಕ್ಟ್ರ ಔಷಧಿ ಔಷಧೀನಾ? ಎಲೆಕೋಸಿನ ಎಲೆ, ಮೇಲೆ ಜೇನುತುಪ್ಪ. ಸಂಜೆಗೆ ಊತ ಹೇಳಹೆಸರಿಲ್ಲದ ಹಾಗೆ ಹೋಗುತ್ತೆ."

ಎಲೆಕೋಸು ಬಂತು, ಜೇನು ಬಂತು, ಅದರ ಮೇಲೆ ಅವಳ ಉಣ್ಣೆಯ ಶಾಲಿನ ತುಂಡೂ ಬಂತು. ಅಷ್ಟರಲ್ಲಿ ಇನ್ನೊಂದು ಕೋಣೆಯ ಯೆಗೋರ್ ಸವ್ವಿಚ್ ವೋಡ್ಕಾ ಶೀಸೆ ಹಿಡಿದು ಹಾಜರಾದ. ವೋಲ್ಗಾದಲ್ಲಿ ದೋಣಿಗಳನ್ನು ಎಳೆಯುವ ಹಡಗು ನಡೆಸಿ ನಿವೃತ್ತನಾದವನು. ಯಾವ ಗಾಯಕ್ಕಾದರೂ ಅವನಲ್ಲಿ ಒಂದೇ ಮದ್ದು. ಅರ್ಧ ಗಾಯಕ್ಕೆ ಸುರಿದ, ಮಿಕ್ಕರ್ಧವನ್ನು ಗಾಯವಾದವನ ಪರವಾಗಿ ತಾನೇ ಕುಡಿದ.

"ಎಲ್ಲಿ, ಒಂದು ಸಲ ಬಡಿ ನೋಡೋಣ," ಎಂದ.

ವೆನಿಯಾಮಿನ್ ಎಡಗೈ ಎತ್ತಿ ಬಲಗೈಗೆ ಬಡಿದ. ದಿಂಬು ಕೊಡವಿದ ಸದ್ದಾಯಿತು. ನೋವಿಗೆ ಕಣ್ಣಲ್ಲಿ ನೀರು ಬಂತು. ವರ್ಷವಿಡೀ ಅವನ ಬ್ಯಾಲೆ ಹುಚ್ಚನ್ನು ಆಡಿಕೊಂಡು ನಕ್ಕವರೇ ಅವರು. ಆ ಮೆತ್ತಗಿನ ಸದ್ದಿಗೆ ಮಾತ್ರ ಇಬ್ಬರಿಗೂ ನಗು ಬರಲಿಲ್ಲ.

"ನನ್ನ ಹಡಗಿನ ಪೀಪಿ ಇದೆ, ತಗೊಂಡು ಹೋಗ್ತೀಯಾ?" ಎಂದ ಯೆಗೋರ್. "ಒಂದು ಸಲ ಊದಿದ್ರೆ ಆಚೆ ದಡದವರೂ ಎದ್ದು ನಿಲ್ತಾರೆ."

"ಸುಮ್ನಿರು ನೀನು, ಅದೇನು ಮೀನುಗಾರರ ಸಂತೇನಾ?" ಎಂದು ಗ್ಲಾಫಿರಾ ಗದರಿದಳು. "ನಾನೇ ಹೋಗಿ ಇವನ ಬದಲು ಚಪ್ಪಾಳೆ ಹೊಡೀತಿದ್ದೆ. ಇರೋದು ಒಂದೇ ಟಿಕೆಟ್ಟು. ಎರಡು ತಗೊಳ್ಳೋ ಅಭ್ಯಾಸ ಇದ್ರೆ ತಾನೇ ಈ ಮನುಷ್ಯನಿಗೆ?"

ಕೊನೆಗೆ ಉಪಾಯ ಹೊಳೆದದ್ದೂ ಅವಳಿಗೇ. ಈರುಳ್ಳಿ ಹೆಚ್ಚುವ ಸಣ್ಣ ಮರದ ಹಲಗೆ ತಂದು ಅವನ ಬಲ ಕಂಕುಳಲ್ಲಿ ಸಿಕ್ಕಿಸಿ, "ಎಡಗೈಲಿ ಬಡಿ," ಎಂದಳು. ಬಡಿದ. ಹಳೆಯ ಚಪ್ಪಾಳೆಯ ಸದ್ದೇ ಬಂತು. ಯೆಗೋರ್ ಸವ್ವಿಚ್ ಸಂತೋಷಕ್ಕೆ ಇನ್ನೊಂದು ಗುಟುಕು ಹಾಕಿದ. ವೆನಿಯಾಮಿನ್ ಮೀನಿನ ವಾಸನೆ ಹೋಗಲು ಎಂದಿನಂತೆ ಮೈಮೇಲೆಲ್ಲ ಸೆಂಟು ಸುರಿದುಕೊಂಡ. ಹಲಗೆ ಕಾಣದಿರಲೆಂದು ಜೂನ್ ಸೆಕೆಯಲ್ಲೂ ಚಳಿಗಾಲದ ಕೋಟು ಹಾಕಿಕೊಂಡ. ಸೆಂಟು, ಜೇನು, ವೋಡ್ಕಾ, ಈರುಳ್ಳಿ ಎಲ್ಲ ಬೆರೆತ ಅವನಿಗೆ ಟ್ರಾಮಿನಲ್ಲಿ ಜನ ಮರ್ಯಾದೆಯಿಂದ ಎರಡೆರಡು ಸೀಟು ಬಿಟ್ಟುಕೊಟ್ಟರು.

ಕೋಟು ಹಾಕಿಕೊಂಡು ನಮ್ಮ ಥಿಯೇಟರಿನ ಒಳಗೆ ಕೂರುವಂತಿಲ್ಲ. ಬಾಗಿಲ ಹತ್ತಿರವೇ ಬಿಚ್ಚಿಕೊಡಬೇಕು. ಇದು ಎಳೆಮಕ್ಕಳಿಗೂ ಗೊತ್ತು, ವೆನಿಯಾಮಿನನಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಗಾಬರಿಯಲ್ಲಿ ಅದೊಂದೇ ಮರೆತುಹೋಗಿತ್ತು. ಕೋಟು ಕಾಯುವವಳು ಕೈಚಾಚಿದಳು. ಅವನು ಹಿಂದೆ ಸರಿದ. ಅವಳು ಕೋಟು ಹಿಡಿದು ಎಳೆದಳು. ಹಲಗೆ ಅಮೃತಶಿಲೆಯ ನೆಲದ ಮೇಲೆ ಬಿದ್ದ ಸದ್ದಿಗೆ ಇಡೀ ಹಜಾರ ತಿರುಗಿ ನೋಡಿತು.

"ಇದೇನ್ರೀ?"

"ಈರುಳ್ಳಿ ಹಲಗೆ."

"ಒಳಗೆ ಈರುಳ್ಳಿ ಹೆಚ್ತೀರಾ?"

ಅವಳು ನಿಯಮ ಬಿಟ್ಟು ನಡೆಯುವವಳಲ್ಲ. ಕೋಟಿಗೊಂದು ಬಿಲ್ಲೆ, ಹಲಗೆಗೆ ಇನ್ನೊಂದು ಬಿಲ್ಲೆ ಕೊಟ್ಟು, ಹಲಗೆಯನ್ನೂ ಮೊಳೆಗೆ ನೇತುಹಾಕಿದಳು.

ಮೆಟ್ಟಿಲ ಬುಡದಲ್ಲಿ ಎಡ್ವರ್ಡ್ ಲ್ವೋವಿಚ್ ಎದುರಾದ. ಹಗಲು ಹೊತ್ತು ಕಟ್ಟುಹಲ್ಲು ಮಾಡುವವನು, ಸಂಜೆ ಚಪ್ಪಾಳೆಯ ಗುತ್ತಿಗೆದಾರ. ನರ್ತಕಿಯರಿಂದ ಉಡುಗೊರೆ ಇಸಕೊಂಡು, ತನ್ನ ಹುಡುಗರನ್ನು ಅಲ್ಲಲ್ಲಿ ಕೂರಿಸಿ, ಹೇಳಿದವರಿಗೆ ಹೇಳಿದಷ್ಟು ಚಪ್ಪಾಳೆ ಹಾಕಿಸುವುದು ಅವನ ಕಸುಬು. ಆ ವರ್ಷ ಅವನು ಜೀಮಿನಾಳ ಕಡೆ ಇದ್ದ. ಹಾಗಾಗಿ ವೆನಿಯಾಮಿನ್ ಅವನನ್ನು ಮಾತಾಡಿಸುತ್ತಿರಲಿಲ್ಲ. ಅಂದು ಅವನೇ ಮುಖ ಸಪ್ಪಗೆ ಮಾಡಿಕೊಂಡು ಹತ್ತಿರ ಬಂದ.

"ವೆನಿಯಾಮಿನ್ ಫೊಮಿಚ್, ಕೈಗೇನಾಯ್ತು? ಚಪ್ಪಾಳೆ ಆಗಲ್ವಾ? ಸ್ವಲ್ಪಾನೂ ಆಗಲ್ವಾ? ಛೆ ಛೆ ಛೆ. ಇವತ್ತೇ ಹೀಗಾಗಬೇಕಾ?"

ಶತ್ರುವಿನ ಕಡೆಯವನಿಗೂ ಎಷ್ಟು ಒಳ್ಳೆ ಮನಸ್ಸು ಎಂದುಕೊಂಡು ವೆನಿಯಾಮಿನ್ ಎಡಗೈಯಲ್ಲಿ ಅವನ ಕೈ ಕುಲುಕಿದ.

ಮೊದಲ ಎರಡು ಅಂಕ ಅವನು ನೋಡಿದ್ದೂ ಒಂದೇ, ನೋಡದಿದ್ದದ್ದೂ ಒಂದೇ. ಅರ್ಸೆನ್ಯೇವಾ ಖಾನನ ಮಗಳಾಗಿ ಬಂದಳು, ಪ್ರೀತಿಸಿದಳು, ಮೋಸಹೋದಳು. ಅವನ ತಲೆಯಲ್ಲಿ ಇದ್ದದ್ದು ಮೂರನೇ ಅಂಕದ ಸುತ್ತು ಮಾತ್ರ. ಎಡಗೈಯಲ್ಲಿ ತೊಡೆ ಬಡಿದು ನೋಡಿದ, ಸದ್ದು ಸಾಲದು. ಮುಂದಿನ ಕಟಾಂಜನದ ಮೇಲೆ ಮಖಮಲ್ಲು ಹೊದಿಸಿದ್ದರು, ಅದೂ ಪ್ರಯೋಜನವಿಲ್ಲ. ಎಡಕ್ಕೆ ನೋಡಿದ. ಪಕ್ಕದಲ್ಲಿ ದಪ್ಪ ಮಣಿಸರದ ಒಬ್ಬ ಹೆಂಗಸು, ಯಾವುದೋ ಶಾಲೆಯ ಹೆಡ್‌ಮಿಸ್ಸಿನ ಗತ್ತಿನವಳು, ನೆಟ್ಟಗೆ ಕೂತಿದ್ದಳು. ಅವಳ ಬಲ ಅಂಗೈ ಅಗಲವಾಗಿ, ಗಟ್ಟಿಮುಟ್ಟಾಗಿ, ಕೆಲಸವಿಲ್ಲದೆ ಮಡಿಲಲ್ಲಿ ಬಿದ್ದಿತ್ತು. ಅವನ ಎಡಗೈ ಇಲ್ಲಿದೆ, ಅವಳ ಬಲಗೈ ಅಲ್ಲಿದೆ. ಎರಡೂ ಸೇರಿದರೆ ಒಂದು ಚಪ್ಪಾಳೆ. ಲೆಕ್ಕ ಸರಿಯಾಗಿಯೇ ಇತ್ತು.

ಮೂರನೇ ಅಂಕ ಶುರುವಾದ ಮೇಲೆ ಬಗ್ಗಿ ಪಿಸುಗುಟ್ಟಿದ. "ಅಮ್ಮಾ, ತಪ್ಪು ತಿಳ್ಕೋಬೇಡಿ. ನಿಮ್ಮ ಬಲಗೈ ಸ್ವಲ್ಪ ಹೊತ್ತು ನನಗೆ ಕೊಡ್ತೀರಾ?"

ಅವಳು ತಿರುಗಿದಳು. ಮೊದಲು ವೋಡ್ಕಾದ ವಾಸನೆ ಮೂಗಿಗೆ ಬಡಿಯಿತು, ಆಮೇಲೆ ಮಾತು ಅರ್ಥವಾಯಿತು.

"ಏನಂದ್ರಿ?"

"ಒಬ್ಬನ ಕೈಲಿ ಆಗಲ್ಲಮ್ಮ. ಇಬ್ಬರೂ ಸೇರಿದ್ರೆ ಆಗುತ್ತೆ. ಇನ್ನೇನು ಆ ಗಳಿಗೆ ಬಂದೇಬಿಡ್ತು."

"ಮುಖ ನೋಡಿದ್ರೆ ಮರ್ಯಾದಸ್ಥರ ಹಾಗೆ ಕಾಣ್ತೀರಿ. ಈ ವಯಸ್ಸಲ್ಲಿ ಕತ್ತಲೇಲಿ ಕೂತು ಹೆಂಗಸರ ಕೈ ಕೇಳ್ತೀರಲ್ಲ, ನಾಚಿಕೆ ಆಗಲ್ವಾ?" ಎಂದು ಅವಳು ಪಾಠ ಹೇಳುವ ದನಿಯಲ್ಲಿ ಕೇಳಿದಳು. ಸುತ್ತಲಿನ ನಾಲ್ಕು ಸಾಲು ಶ್ ಎಂದಿತು. ಅವಳು ಸುಮ್ಮನಾಗುವ ಬದಲು ಗ್ಯಾಲರಿಯ ಬಾಗಿಲು ಕಾಯುವ ವಾರ್ವಾರಾ ಇಲ್ಯಿನಿಚ್ನಾಳನ್ನು ಕೈಸನ್ನೆ ಮಾಡಿ ಕರೆದಳು. ವಾರ್ವಾರಾ ಬಂದು ಮೂಸಿ ನೋಡಿ, ಒಂದೂ ಮಾತಾಡದೆ, ವೆನಿಯಾಮಿನನ ಎಡತೋಳು ಹಿಡಿದು ಎಬ್ಬಿಸಿದಳು. ಗಲಾಟೆ ಮಾಡಿದರೆ ಅರ್ಸೆನ್ಯೇವಾಳ ಗಮನ ಕೆಟ್ಟೀತು. ಆ ಒಂದು ಹೆದರಿಕೆಗೆ ಅವನು ತುಟಿಪಿಟಕ್ಕೆನ್ನದೆ ಹೊರಗೆ ನಡೆದ. ಬಾಗಿಲು ಹಿಂದೆ ಮುಚ್ಚಿತು.

"ವಾರ್ವಾರಾ ಇಲ್ಯಿನಿಚ್ನಾ, ನನ್ನನ್ನ ಎಷ್ಟು ವರ್ಷದಿಂದ ನೋಡಿದ್ದೀರಿ. ಕಾಲಿಗೆ ಬೀಳ್ತೀನಿ, ಒಳಗೆ ಬಿಡಿ."

"ನೋಡಿದ್ದೀನಪ್ಪ. ಅದಕ್ಕೇ ಪೊಲೀಸರನ್ನ ಕರೀಲಿಲ್ಲ. ಮುಚ್ಚಿದ ಬಾಗಿಲು ನಡುವೆ ತೆಗೆಯೋ ಪದ್ಧತಿ ಇಲ್ಲ ಅಂತ ನಿನಗೂ ಗೊತ್ತು. ಕೂತ್ಕೋ." ಅವಳು ಸ್ಟೂಲಿನ ಮೇಲೆ ಕೂತು ಹೆಣಿಗೆ ತೆಗೆದಳು.

ಒಳಗೆ ಸಂಗೀತ ಒಂದು ಕ್ಷಣ ನಿಂತು, ಆ ಪರಿಚಿತ ಗತ್ತಿನಲ್ಲಿ ಮತ್ತೆ ಶುರುವಾಯಿತು. ವೆನಿಯಾಮಿನ್ ಬಾಗಿಲಿಗೆ ಕಿವಿ ಹಚ್ಚಿದ. ಅವಳು ಈಗ ಒಂಟಿಕಾಲಿನಲ್ಲಿ ನಿಂತಿದ್ದಾಳೆ. ಈಗ ಮೊದಲ ಸುತ್ತು. ಯಾರೂ ಚಪ್ಪಾಳೆ ಹಾಕುತ್ತಿಲ್ಲ. ಎತ್ತಿಕೊಡುವವನು ಹೊರಗಿದ್ದಾನಲ್ಲ. ಒಳಗಿದ್ದ ಅಷ್ಟೂ ಜನ ಉಸಿರು ಬಿಗಿಹಿಡಿದು ಕೂತಿದ್ದರು. ವಾದ್ಯಗಳ ಸದ್ದು ಬಿಟ್ಟರೆ ಬೇರೇನಿಲ್ಲ. ಅವಳನ್ನು ಒಬ್ಬಳನ್ನೇ ನಡುನೀರಿನಲ್ಲಿ ಬಿಟ್ಟು ಬಂದೆ ಎನ್ನಿಸಿ ಅವನಿಗೆ ಅಳು ಬಂತು. ಎಡಗೈಯಲ್ಲಿ ಗೋಡೆ ಬಡಿಯಲು ಹೋದ.

"ಗೋಡೆಗೆ ಬಣ್ಣ ಹೊಡೆದು ತಿಂಗಳಾಗಿಲ್ಲ, ಸುಮ್ನೆ ಕೂತ್ಕೋ," ಎಂದಳು ವಾರ್ವಾರಾ.

ಸಂಗೀತ ಮುಗಿಯಿತು. ಆಮೇಲೆ ಎದ್ದ ಸದ್ದಿಗೆ ಬಾಗಿಲೇ ನಡುಗಿತು. ಜನ ಕೂಗುತ್ತಿದ್ದರು, ಕಾಲು ಬಡಿಯುತ್ತಿದ್ದರು. ವಾರ್ವಾರಾ ಹೆಣಿಗೆ ಮಡಿಲಿಗಿಟ್ಟು, "ಒಂದೂ ತಪ್ಪಲಿಲ್ಲ ಕಣಪ್ಪಾ, ಅಷ್ಟೂ ಸುತ್ತಿದ್ಲು," ಎಂದು ಶಿಲುಬೆಯ ಗುರುತು ಹಾಕಿಕೊಂಡಳು.

ವೆನಿಯಾಮಿನ್ ಮೆಟ್ಟಿಲ ಮೇಲೆ ಕುಸಿದ. ಖುಷಿಯಾಯಿತು, ಸುಳ್ಳಲ್ಲ. ಅವಳು ಗೆದ್ದಳು, ಅವಳ ಜಾಗ ಉಳಿಯಿತು. ಆದರೆ ಇಡೀ ಸೀಸನ್ನಿನಲ್ಲಿ ಒಂದು ದಿನವೂ ತಪ್ಪಿಸದವನು ಅವಳು ಗೆದ್ದದ್ದನ್ನು ಕಣ್ಣಾರೆ ನೋಡಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಅವನಿಲ್ಲದೆಯೇ ಗೆದ್ದಳು. ಈ ಎರಡನೇ ಮಾತನ್ನು ಅವನು ಮನಸ್ಸಿನ ಹತ್ತಿರ ಸೇರಿಸಿಕೊಳ್ಳಲಿಲ್ಲ. ತನ್ನ ಚಪ್ಪಾಳೆ ಕೇಳಿಸದೆ ಅವಳು ಎಷ್ಟು ಹೆದರಿರಬೇಕು, ಎಷ್ಟು ಧೈರ್ಯ ತಂದುಕೊಂಡಿರಬೇಕು ಎಂದು ಯೋಚಿಸಿ, ಕ್ಷಮೆ ಕೇಳಲೇಬೇಕು ಎಂದು ನಿಶ್ಚಯಿಸಿದ. ಇಷ್ಟು ವರ್ಷದಲ್ಲಿ ಮೊದಲ ಸಲ, ಕೋಟನ್ನೂ ಹಲಗೆಯನ್ನೂ ಬಿಡಿಸಿಕೊಂಡು, ನರ್ತಕಿಯರು ಹೊರಬರುವ ಹಿಂಬಾಗಿಲಿಗೆ ಹೋದ.

ಹೊರಗೆ ಜೂನ್ ತಿಂಗಳ ಬೆಳಕು ಇನ್ನೂ ಇತ್ತು. ಅಭಿಮಾನಿಗಳು ಹೂ ಹಿಡಿದು ಗುಂಪುಗೂಡಿದ್ದರು. ಅರ್ಸೆನ್ಯೇವಾ ಹೊರಬಂದಳು. ಹತ್ತಿರದಿಂದ ನೋಡಿದರೆ ಅವಳು ಅವನ ಭುಜಕ್ಕೂ ಬರುತ್ತಿರಲಿಲ್ಲ. ಕಣ್ಣ ಕೆಳಗೆ ಸುಕ್ಕು, ಕೆನ್ನೆ ಮೇಲೆ ಒರೆಸಿ ಉಳಿದ ಬಣ್ಣ. ಅವನು ಬ್ಯಾಂಡೇಜಿನ ಕೈಯನ್ನು ಮುಂದೆ ಹಿಡಿದು ಜನರ ನಡುವೆ ನುಗ್ಗಿದ. ಗಾಯಾಳು ಎಂದು ಎಲ್ಲರೂ ದಾರಿಬಿಟ್ಟರು.

"ಲಿದಿಯಾ ನಿಕಾನೊರೋವ್ನಾ, ಕ್ಷಮಿಸಬೇಕು. ಇವತ್ತು ಈ ಕೈಯಿಂದಾಗಿ ನಿಮಗೆ ಚಪ್ಪಾಳೆ ಹಾಕಕ್ಕಾಗಲಿಲ್ಲ. ನಾನು ಎಡಗಡೆ ಗ್ಯಾಲರಿ, ಮೊದಲ ಸಾಲಿನವನು."

ಅವಳು ನಿಂತುಬಿಟ್ಟಳು. "ಎಡಗಡೆ ಗ್ಯಾಲರಿ? ಆ ಸದ್ದು... ಆ ಹಲಗೆ ಬಡಿದ ಹಾಗಿರೋ ಸದ್ದು, ಅದು ನಿಮ್ಮದಾ?"

"ನನ್ನದೇ." ಅವನು ಇನ್ನೊಂದು ಹೆಜ್ಜೆ ಮುಂದೆ ಬಂದ. "ನಿಮಗೆ ಅದು ಕೇಳಿಸ್ತಿತ್ತಾ?"

"ಕನಸಲ್ಲೂ ಕೇಳಿಸುತ್ತೆ," ಎಂದಳು ಅರ್ಸೆನ್ಯೇವಾ.

ಅವಳು ಹೂವನ್ನೆಲ್ಲ ಪಕ್ಕದವಳ ಕೈಗೆ ತುರುಕಿ, ಬ್ಯಾಂಡೇಜಿನ ಆ ಕೈಯನ್ನು ತನ್ನೆರಡು ಕೈಗಳಲ್ಲಿ ತೆಗೆದುಕೊಂಡಳು. ಅವಳ ಕಣ್ಣು ತುಂಬಿತ್ತು. ವೆನಿಯಾಮಿನನ ಕೈಯನ್ನು ಅವನ ತಾಯಿ ಹೋದ ಮೇಲೆ ಯಾರೂ ಹಾಗೆ ಹಿಡಿದಿರಲಿಲ್ಲ.

"ಪಾಪ. ದೊಡ್ಡ ಏಟಾ? ಮೂಳೆಗೇನಾದ್ರೂ ಆಗಿದೆಯಾ?"

"ಇಲ್ಲ ಇಲ್ಲ, ಮೀನಿನ ಮುಳ್ಳು ಅಷ್ಟೆ. ಒಂದು ವಾರಕ್ಕೆ ವಾಸಿ ಅಂದ್ರು."

ಅವಳ ಮುಖ ಇಳಿದುಹೋಯಿತು. "ಒಂದೇ ವಾರಾನಾ?"

"ಡಾಕ್ಟ್ರು ಜಾಸ್ತೀನೇ ಹೇಳಿದ್ದಾರೆ. ಅಷ್ಟೂ ಬೇಕಾಗಲ್ಲ. ನೀವು ಯೋಚ್ನೆ ಮಾಡಬೇಡಿ."

ಅರ್ಸೆನ್ಯೇವಾ ಅವನ ಕೈಯನ್ನು ಮೆಲ್ಲಗೆ ಬಿಟ್ಟಳು. "ಅವಸರ ಮಾಡಬೇಡಿ," ಎಂದಳು. "ಬೇಸಿಗೆ ಪೂರ್ತಿ ಅದಕ್ಕೆ ವಿಶ್ರಾಂತಿ ಕೊಡಿ. ಚಳಿಗಾಲದಲ್ಲೂ ಹುಷಾರಾಗಿರಿ. ಕೈ ಅಂದ್ರೆ ಸಾಮಾನ್ಯ ಅಲ್ಲ." ಕಾರು ಹತ್ತಿ ಹೋದಳು.

ವೆನಿಯಾಮಿನ್ ಹಾರಾಡುವ ಪೋಪ್ಲರ್ ಹತ್ತಿಯ ನಡುವೆ ನಿಂತಿದ್ದ. ಸೀನು ಬರುತ್ತಿತ್ತು, ಬಂದರೆ ಈ ಗಳಿಗೆ ಮುಗಿದುಹೋಗುತ್ತದೆಂದು ತಡೆದುಕೊಂಡಿದ್ದ. ಯಾರೋ ಭುಜ ಮುಟ್ಟಿದರು. ಎಡ್ವರ್ಡ್ ಲ್ವೋವಿಚ್.

"ಕೈ ಯಾವಾಗ ವಾಸಿಯಾಗುತ್ತಂತೆ?"

"ಒಂದು ವಾರ."

ಎಡ್ವರ್ಡನ ಮುಖ ಅರಳಿತು. "ಸದ್ಯ. ದೇವರು ದೊಡ್ಡವನು." ಜೇಬಿನಿಂದ ಒಂದು ದಪ್ಪ ರಟ್ಟಿನ ಪಾಸು ತೆಗೆದ. "ತಗೊಳ್ಳಿ. ಮುಂದಿನ ಸೀಸನ್ ಅರ್ಸೆನ್ಯೇವಾ ಕುಣಿಯೋ ದಿನಗಳಿಗೆಲ್ಲ. ನಿಮ್ಮದೇ ಜಾಗ, ಎಡಗಡೆ ಗ್ಯಾಲರಿ. ಪುಕ್ಕಟೆ."

"ಯಾರು ಕೊಟ್ಟಿದ್ದು? ಅರ್ಸೆನ್ಯೇವಾ ಅವರಾ?"

"ಜೀಮಿನಾ."

ವೆನಿಯಾಮಿನ್ ಒಂದು ಹೆಜ್ಜೆ ಹಿಂದೆ ಸರಿದ. "ಸತ್ತರೂ ನಾನು ಜೀಮಿನಾಗೆ ಚಪ್ಪಾಳೆ ಹಾಕೋನಲ್ಲ."

"ಯಾರು ಹಾಕಿ ಅಂದ್ರು ಮಾರಾಯ್ರೆ? ಅರ್ಸೆನ್ಯೇವಾಗೇ ಹಾಕಿ. ಮನಸಾರೆ ಹಾಕಿ. ಈ ವರ್ಷ ಹೇಗೆ ಹಾಕಿದ್ರೋ ಹಾಗೇ."

"ಅದರಿಂದ ಜೀಮಿನಾಗೆ ಏನು ಲಾಭ?"

ಎಡ್ವರ್ಡ್ ಅವನನ್ನೇ ನೋಡಿದ. ತಮಾಷೆ ಮಾಡುತ್ತಿಲ್ಲ ಎಂದು ಗೊತ್ತಾದ ಮೇಲೆ ಅವನಿಗೂ ಸ್ವಲ್ಪ ಮುಜುಗರವಾಯಿತು. "ನಿಮಗೆ ನಿಜವಾಗ್ಲೂ ಗೊತ್ತಿಲ್ವಾ? ವಾದ್ಯದವರದು ಒಂದು ಲೆಕ್ಕ, ನಿಮ್ಮದು ಇನ್ನೊಂದು ಲೆಕ್ಕ. ಅವಳು ಸ್ವಲ್ಪ ವಾಲಿದ್ರೆ ಸಾಕು, ನೀವು ಇನ್ನೂ ಬೇಗ ಬೇಗ ಬಡೀತೀರಿ. ನಿಮ್ಮ ಹಿಂದೆ ಇಡೀ ಥಿಯೇಟರು. ಒಂಟಿಕಾಲಲ್ಲಿ ನಿಂತ ಹೆಂಗಸು ಯಾರ ಲೆಕ್ಕ ಹಿಡೀಬೇಕು ಹೇಳಿ. ನನ್ನ ಹುಡುಗರು ಇಷ್ಟು ಜನ ಸೇರಿ ಮಾಡಕ್ಕಾಗದ್ದನ್ನ ನೀವು ಒಬ್ಬರೇ ಮಾಡಿದ್ರಿ. ಜೀಮಿನಾ ಯಾವಾಗ್ಲೂ ಹೇಳ್ತಿರ್ತಾಳೆ, ಈ ಊರಲ್ಲಿ ನನಗಾಗಿ ದುಡಿಯೋ ಕೈ ಅಂದ್ರೆ ಅದೊಂದೇ ಅಂತ."

ಶರತ್ಕಾಲ, ಹೊಸ ವರ್ಷ, ಹಿಮ ಕರಗಿದ ಆ ಸಂಜೆ, ಎಲ್ಲ ಒಂದೊಂದಾಗಿ ವೆನಿಯಾಮಿನನ ಕಣ್ಣಮುಂದೆ ಬಂದವು. ಆಮೇಲೆ ಇವತ್ತಿನ ಸಂಜೆ ಬಂತು. ತಡೆದಿಟ್ಟ ಸೀನು ಆಗ ಹೊರಬಿತ್ತು. ಒಂದರ ಮೇಲೊಂದು ಸೀನುತ್ತಾ, ಕಣ್ಣುಮೂಗು ಒರೆಸಿಕೊಳ್ಳುತ್ತಾ, ಪಾಸನ್ನು ಎಡ್ವರ್ಡನ ಕೈಯಲ್ಲೇ ಬಿಟ್ಟು ಟ್ರಾಮಿನ ಕಡೆ ನಡೆದ. ಅವನು ಅತ್ತನೋ ಇಲ್ಲವೋ ಯಾರಿಗೂ ತಿಳಿಯಲಿಲ್ಲ.

ವಠಾರದ ಅಡುಗೆಮನೆಯಲ್ಲಿ ಇಬ್ಬರೂ ಕಾದು ಕೂತಿದ್ದರು. ಅರ್ಸೆನ್ಯೇವಾ ಗೆದ್ದ ಸುದ್ದಿ ಅವನಿಗಿಂತ ಮುಂಚೆ ಬಂದಿತ್ತು. ಗ್ಲಾಫಿರಾ ಪೆತ್ರೋವ್ನಾ ಅವನಿಗಾಗಿ ಎತ್ತಿಟ್ಟ ಕಡುಬು ಮುಂದಿಟ್ಟಳು.

"ಹೇಳೋ ವೇನ್ಯಾ. ಹಲಗೆ ಕೆಲಸಕ್ಕೆ ಬಂತಾ?"

"ಬಂತು," ಎಂದ ವೆನಿಯಾಮಿನ್, ಹಲಗೆಯನ್ನು ಅವಳ ಕೈಗೆ ಕೊಟ್ಟು.

"ಅವಳನ್ನ ಮಾತಾಡಿಸಿದ್ಯಾ?"

"ಮಾತಾಡಿಸಿದೆ. ನನ್ನ ಕೈ ಹಿಡ್ಕೊಂಡ್ರು. ಕಣ್ಣಲ್ಲಿ ನೀರು ಹಾಕಿದ್ರು."

ಗ್ಲಾಫಿರಾಳ ಕಣ್ಣಲ್ಲೂ ನೀರು ಬಂತು. ಯೆಗೋರ್ ಸವ್ವಿಚ್ ಮೂರು ಲೋಟಕ್ಕೆ ಬಗ್ಗಿಸಿ, "ಹಾಗಾದ್ರೆ ಮುಂದಿನ ಸೀಸನ್ ಒಂದು ದಿನಾನೂ ತಪ್ಪಿಸಲ್ಲ ನೀನು," ಎಂದ.

"ಇಲ್ಲ. ಜೀಮಿನಾ ಕುಣಿಯೋ ದಿನ ಒಂದೂ ತಪ್ಪಿಸಲ್ಲ."

"ಜೀಮಿನಾನಾ? ಅವಳ ಹೆಸರೆತ್ತಿದ್ರೆ ನಿನಗೆ ಮೈಯೆಲ್ಲ ಉರಿಯುತ್ತಲ್ಲೋ?"

"ಉರಿಯುತ್ತೆ. ಎಡಗಡೆ ಗ್ಯಾಲರಿ ಮೊದಲ ಸಾಲಲ್ಲೇ ಕೂತು ಜೋರಾಗಿ ಚಪ್ಪಾಳೆ ಹಾಕ್ತೀನಿ."

"ಅರ್ಸೆನ್ಯೇವಾ ಕುಣಿಯೋ ದಿನ?"

"ಆ ದಿನ ಮನೇಲಿರ್ತೀನಿ."

ಅವನು ಕಡುಬು ಮುಟ್ಟದೆ ಎದ್ದು ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಇಬ್ಬರೂ ಮುಖ ಮುಖ ನೋಡಿಕೊಂಡರು.

"ನೋಡಿದ್ಯಾ ಯೆಗೋರ್," ಎಂದಳು ಗ್ಲಾಫಿರಾ ಪೆತ್ರೋವ್ನಾ, ಕಡುಬಿನ ತಟ್ಟೆ ಎತ್ತಿಡುತ್ತಾ. "ಇಷ್ಟು ವರ್ಷ ಅವಳ ಹಿಂದೆ ಬಿದ್ದಿದ್ದ. ಆ ತಾಯಿ ಒಂದು ದಿನ ಕೈ ಹಿಡಿದು ಮಾತಾಡಿಸಿದ್ಲು, ಅಷ್ಟಕ್ಕೇ ಬಿಟ್ಟು ಇನ್ನೊಬ್ಬಳ ಹಿಂದೆ ಹೊರಟ. ಈ ಗಂಡಸರನ್ನ ನಂಬಬಾರದು ಕಣಪ್ಪಾ."